ಲಿಲ್ಲಿಯ ಪೋಸ್ಟರ್, ಸಿದ್ದುವಿನ ಬೆನ್ನು

ನಮ್ಮ ಕ್ಲಬ್ಬಿನ ಕಿಟ್ ಇಡುವ ಕೋಣೆಯಲ್ಲಿ ಒಂದು ಹಳೆಯ ಪೋಸ್ಟರ್ ಇದೆ. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲ್ಲಿ ಚೆಂಡು ಬಿಡುವುದಕ್ಕೆ ಸ್ವಲ್ಪ ಮುಂಚಿನ ಚಿತ್ರ. ಗುಂಡಿ ಬಿಚ್ಚಿದ ಶರ್ಟು, ದಪ್ಪ ಮೀಸೆ, ಮೇಲೆತ್ತಿದ ಎಡಗೈ, ಆ ಕೈಯ ಹಿಂದಿನಿಂದ ಬ್ಯಾಟ್ಸ್‌ಮನ್ ಮೇಲೆ ಕಣ್ಣು. ಅಂಚು ಹರಿದಿದೆ. ಕೆಳಗೆ ಒಂದು ಪಾದವನ್ನು ಗೆದ್ದಲು ತಿಂದಿದೆ. ನಮ್ಮ ಒಬ್ಬ ಹುಡುಗ ಬೌಲರ್‌ನ ಬೆನ್ನುಮೂಳೆ ಬಿರುಕು ಬಿಟ್ಟ ಈ ಪ್ರಕರಣದಲ್ಲಿ ಆ ಪೋಸ್ಟರ್‌ಗೂ ಒಂದು ಪಾಲಿದೆ, ಅದಕ್ಕೇ ಅಲ್ಲಿಂದ ಶುರು ಮಾಡಿದೆ.

ಹುಡುಗನನ್ನು ಇಲ್ಲಿ ಸಿದ್ದು ಅಂತ ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರು, ಶಾಲೆ, ಕ್ಲಬ್ಬು ಯಾವುದನ್ನೂ ಹೇಳುವುದಿಲ್ಲ. ಬರೆಯಲು ಅವನೂ ಅವನ ಅಪ್ಪನೂ ಒಪ್ಪಿದ್ದಾರೆ. ನಾನು ಬೆಳಗಾವಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತಿದ್ದೇನೆ. ಇದರಲ್ಲಿ ತಪ್ಪು ಮಾಡಿದವರ ಪಟ್ಟಿ ಮಾಡಿದರೆ ಮೊದಲ ಹೆಸರು ನನ್ನದೇ ಬರುತ್ತದೆ.

ಹಿನ್ನೆಲೆ

ಸಿದ್ದು ಬೈಲಹೊಂಗಲ ಕಡೆಯ ಒಂದು ಹಳ್ಳಿಯವನು. ಮನೆಯಲ್ಲಿ ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ. ಹದಿನಾಲ್ಕು ತುಂಬುವ ಹೊತ್ತಿಗೇ ಅಪ್ಪನ ಹೆಗಲು ಮೀರಿ ಬೆಳೆದಿದ್ದ. ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಸುತ್ತಲಿನ ಹಳ್ಳಿಗಳವರು ಅವನನ್ನು ಕರೆದುಕೊಂಡು ಹೋಗಿ ಆಡಿಸುತ್ತಿದ್ದರು. ಹೋಗಿ ಬರುವ ಖರ್ಚು, ಊಟ, ಗೆದ್ದರೆ ಇನ್ನೂರು ರೂಪಾಯಿ. ನಾನು ಅವನನ್ನು ಮೊದಲು ನೋಡಿದ್ದೂ ಅಂಥದೊಂದು ಪಂದ್ಯದಲ್ಲಿ. ಜೋಳ ಕೊಯ್ದ ಹೊಲ, ಕಪ್ಪು ಮಣ್ಣು, ಅದರ ಮೇಲೆ ನೀರು ಚಿಮುಕಿಸಿ ರೋಲರ್ ಎಳೆದ ಪಿಚ್. ಬಿರುಕು ಬಿಟ್ಟ ಆ ನೆಲದಲ್ಲಿ ಹುಡುಗ ಹಾಕಿದ ಯಾರ್ಕರ್‌ಗೆ ಸ್ಟಂಪ್ ಹಾರಿ ಕೀಪರ್ ಕಾಲ ಬುಡಕ್ಕೆ ಬಿತ್ತು. ಮರುದಿನವೇ ಅವನ ಅಪ್ಪನನ್ನು ಹೋಗಿ ಕಂಡೆ.

ನಗರದಲ್ಲಿ ಅವನ ಸೋದರಮಾವನ ಮನೆ ಇತ್ತು. ಅಲ್ಲಿ ಉಳಿಸಿಕೊಂಡು ಶಾಲೆಗೆ ಹಾಕಿದರು. ಟೆನಿಸ್ ಬಾಲ್‌ನಿಂದ ಲೆದರ್ ಬಾಲ್‌ಗೆ, ಹೊಲದಿಂದ ಮ್ಯಾಟ್‌ಗೆ ಅವನು ಎರಡೇ ತಿಂಗಳಲ್ಲಿ ಹೊಂದಿಕೊಂಡ.

ಈಗ ನನ್ನ ಬಗ್ಗೆ ಎರಡು ಮಾತು. 1981ರ ಫೆಬ್ರವರಿಯಲ್ಲಿ ಮೆಲ್ಬೋರ್ನ್ ಟೆಸ್ಟ್ ನಡೆದಾಗ ನನಗೆ ಹದಿಮೂರು ವರ್ಷ. ಲಿಲ್ಲಿಯ ಎಸೆತದಲ್ಲಿ ಗಾವಸ್ಕರ್‌ಗೆ ಎಲ್‌ಬಿಡಬ್ಲ್ಯು ಕೊಟ್ಟದ್ದು, ಸಿಟ್ಟಿನಲ್ಲಿ ಅವರು ಜೊತೆಗಾರ ಚೇತನ್ ಚೌಹಾಣ್‌ರನ್ನೂ ಎಬ್ಬಿಸಿಕೊಂಡು ಹೊರಟದ್ದು, ಕೊನೆಗೆ ಕಾಲು ನೋವಿಗೆ ಇಂಜೆಕ್ಷನ್ ತೆಗೆದುಕೊಂಡ ಕಪಿಲ್ ದೇವ್ 28 ರನ್‌ಗೆ 5 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 83ಕ್ಕೆ ಮುಗಿಸಿದ್ದು ಎಲ್ಲ ನನಗೆ ಬಾಯಿಪಾಠ. ಗೆದ್ದದ್ದು ನಾವು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಲಿಲ್ಲಿ. ಎದುರಾಳಿಯನ್ನೇ ಇಷ್ಟಪಡುವ ಹುಚ್ಚು ಕೆಲವರಿಗೆ ಇರುತ್ತದೆ, ಅಲ್ವಾ? ಪೋಸ್ಟರ್ ಆಗಿನದು. ಮುಂದೆ ಕೋಚ್ ಆದಾಗ ನನ್ನ ಪಾಲಿಗೆ ಬೌಲಿಂಗ್ ಅಂದರೆ ಆ ಚಿತ್ರ. ಹುಡುಗರನ್ನು ಅದರ ಮುಂದೆ ನಿಲ್ಲಿಸಿ, "ಹಿಂಗ ಬರಬೇಕು ನೋಡ್ರಿ" ಅನ್ನುತ್ತಿದ್ದೆ.

ಎಲ್ಲಿ ಎಡವಿತು

ಸಿದ್ದು ಹುಟ್ಟಾ ಎದೆ ತೆರೆದು ಬೌಲ್ ಮಾಡುವವನು. ಚೆಂಡು ಬಿಡುವಾಗ ಅವನ ಬಲಪಾದ ನೇರ ಬ್ಯಾಟ್ಸ್‌ಮನ್ ಕಡೆ ಮುಖ ಮಾಡಿರುತ್ತಿತ್ತು. ಸೊಂಟವೂ ಹಾಗೇ, ಭುಜವೂ ಹಾಗೇ. ನನಗೆ ಅದು ಒಗ್ಗಲಿಲ್ಲ. ಲಿಲ್ಲಿಯ ಹಾಗೆ ಪಕ್ಕಕ್ಕೆ ತಿರುಗಿ ಹಾಕಬೇಕು, ಎಡಗೈ ಹಿಂದಿನಿಂದ ನೋಡಬೇಕು ಅಂತ ತಿದ್ದಿದೆ. ಹುಡುಗ ವಿಧೇಯ. ಹೇಳಿದ್ದನ್ನು ಮಾಡಿದ. ಭುಜ ತಿರುಗಿತು. ಆದರೆ ಪಾದ, ಸೊಂಟ ಮೊದಲಿನಂತೆಯೇ ಉಳಿದವು. ಅದನ್ನು ನಾನು ನೋಡಲೇ ಇಲ್ಲ. ನೆಟ್‌ನಲ್ಲಿ ನಾನು ನಿಲ್ಲುತ್ತಿದ್ದದ್ದು ಅಂಪೈರ್ ಜಾಗದಲ್ಲಿ. ಅಲ್ಲಿಂದ ಭುಜ ಚಂದ ಕಾಣುತ್ತದೆ, ಪಾದದ ಕಡೆ ಕಣ್ಣು ಹೋಗುವುದಿಲ್ಲ.

ಸೊಂಟದ ಕೆಳಗೆ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು. ಇದಕ್ಕೆ ಮಿಕ್ಸ್‌ಡ್ ಆಕ್ಷನ್ ಅನ್ನುತ್ತಾರೆ. ಒದ್ದೆ ಬಟ್ಟೆ ಹಿಂಡುವುದನ್ನು ನೆನೆಸಿಕೊಳ್ಳಿ. ಪ್ರತಿ ಎಸೆತಕ್ಕೂ ನಡು ಹಾಗೆ ಹಿಂಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಮುಂದಿನ ಕಾಲು ನೆಲಕ್ಕೆ ಬಡಿಯುತ್ತದೆ, ದೇಹದ ತೂಕದ ಐದಾರು ಪಟ್ಟು ಭಾರ ಕಾಲಿನಿಂದ ಬೆನ್ನಿಗೆ ಏರುತ್ತದೆ. ದೊಡ್ಡವರ ಮೂಳೆ ಸ್ವಲ್ಪ ತಡೆದೀತು. ಬೆಳೆಯುವ ಹುಡುಗನದು ತಡೆಯುವುದಿಲ್ಲ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಕ್ಕೆ, ಬೆನ್ನಿನ ಕೆಳಗಿನ ಮಣಿಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ತಮಾಷೆ ನೋಡಿ. ಈ ಮಿಕ್ಸ್‌ಡ್ ಆಕ್ಷನ್ನಿನ ಅಪಾಯವನ್ನು 1980ರ ದಶಕದಲ್ಲೇ ಅಧ್ಯಯನ ಮಾಡಿ ತೋರಿಸಿದವರು ಪರ್ತ್‌ನ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು. ಪರ್ತ್ ಅಂದರೆ ಲಿಲ್ಲಿಯ ಊರು. ಅಲ್ಲಿಂದ ಪೋಸ್ಟರ್ ನನ್ನ ಗೋಡೆಯವರೆಗೆ ಬಂತು, ಈ ತಿಳಿವಳಿಕೆ ಬರಲಿಲ್ಲ.

ಎರಡನೆಯ ಎಡವಟ್ಟು ಲೆಕ್ಕದ್ದು. ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಸ್ಕೋರ್ ಪುಸ್ತಕ, ನನ್ನ ಡೈರಿ ಇಟ್ಟುಕೊಂಡು ಕೂಡಿಸಿದೆ. ವಾರಕ್ಕೆ ನಾಲ್ಕು ದಿನ ನೆಟ್, ದಿನಕ್ಕೆ 60 ಎಸೆತ, ಅಲ್ಲಿಗೆ 240. ಶಾಲೆಯದೊಂದು, ಕ್ಲಬ್ಬಿನದೊಂದು ಪಂದ್ಯ, ಎರಡರಲ್ಲೂ ಹತ್ತತ್ತು ಓವರ್, ಅದು 120. ಭಾನುವಾರ ಊರಿಗೆ ಹೋದರೆ ಟೆನಿಸ್ ಬಾಲ್ ಟೂರ್ನಮೆಂಟ್‌ನಲ್ಲಿ ಮೂರು ಪಂದ್ಯ, ಎರಡೆರಡು ಓವರ್, 36. ಒಟ್ಟು 396. ಅಂದರೆ ವಾರಕ್ಕೆ 66 ಓವರ್. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯವರು 15 ವರ್ಷದೊಳಗಿನ ವೇಗಿಗೆ ಒಂದು ಸ್ಪೆಲ್‌ಗೆ, ಅಂದರೆ ಬಿಡುವಿಲ್ಲದೆ ಹಾಕುವ ಒಂದು ಸರದಿಗೆ, 6 ಓವರ್, ದಿನಕ್ಕೆ 12 ಓವರ್ ಅಂತ ಗೆರೆ ಹಾಕಿದ್ದಾರೆ. ನಮ್ಮ ಪಂದ್ಯಗಳಲ್ಲಿ ಸಿದ್ದು ಒಂದೇ ಉಸಿರಿಗೆ ಹತ್ತು ಓವರ್ ಹಾಕುತ್ತಿದ್ದ. ನಾಯಕ ಚೆಂಡು ಕೇಳುತ್ತಿರಲಿಲ್ಲ, ಇವನು ಕೊಡುತ್ತಿರಲಿಲ್ಲ. ನಾನು ಹೊರಗೆ ಕೂತು ಚಪ್ಪಾಳೆ ಹೊಡೆಯುತ್ತಿದ್ದೆ.

ನೋವು, ಮತ್ತು ನಾವು ಮಾಡಿದ ಉಪಾಯ

ಮೊದಲ ಸುಳಿವು ಸಿಕ್ಕಿದ್ದು ಮೈದಾನದಲ್ಲಲ್ಲ, ಬಸ್ಸಿನಲ್ಲಿ. ಪಂದ್ಯ ಮುಗಿಸಿ ಬರುವಾಗ ಸಿದ್ದು ಕಿಟ್ ಬ್ಯಾಗನ್ನು ತಲೆಯ ಮೇಲಿನ ಕಂಬಿಗೆ ಇಡಲು ಹಿಂದಕ್ಕೆ ಬಾಗಿದ. ತಟ್ಟನೆ ಬ್ಯಾಗು ಕೆಳಗೆ ಬಿತ್ತು. ಎಡಗೈಯಿಂದ ಸೊಂಟ ಹಿಡಿದುಕೊಂಡು, ಏನೂ ಆಗಿಲ್ಲ ಎಂಬಂತೆ ಕಿಟಕಿ ಕಡೆ ನೋಡುತ್ತ ನಿಂತ. "ಏನಾತೋ?" ಅಂದೆ. "ಏನಿಲ್ರಿ ಸರ, ಉಳುಕೇತಿ" ಅಂದ. ನಾನೂ ಸುಮ್ಮನಾದೆ.

ಆಮೇಲಿನ ಐದು ವಾರ ನಾವೆಲ್ಲ ಸೇರಿ ಏನೇನು ಮಾಡಿದೆವು ಅಂತ ಹೇಳಿದರೆ ನಿಮಗೆ ನಗು ಬರಬಹುದು. ಸೋದರತ್ತೆ ಬಿಸಿನೀರಿನ ಶಾಖ ಕೊಟ್ಟಳು. ನಾನು ಮುಲಾಮು ತಂದುಕೊಟ್ಟೆ. ಊರಲ್ಲಿ ಅವನ ಅಜ್ಜಿ, ಕಾಲು ಮುಂದಾಗಿ ಹುಟ್ಟಿದ ಒಬ್ಬರನ್ನು ಕರೆಸಿ ಬೆನ್ನಿಗೆ ಮೆಲ್ಲಗೆ ಮೂರು ಸಲ ಒದೆಸಿದಳು. ಹಾಗೆ ಒದೆಸಿಕೊಂಡರೆ ನಡುವಿನ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಗಬೇಡಿ, ನಾವು ಓದಿದವರು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ನೋವಿನ ಮಾತ್ರೆ ನುಂಗಿಸಿ ಎರಡು ಪಂದ್ಯ ಆಡಿಸಿದೆವು. ಒಂದರಲ್ಲಿ ಅವನು ಐದು ವಿಕೆಟ್ ತೆಗೆದ. ಐದು ವಿಕೆಟ್ ಬಂದ ಮೇಲೆ ನೋವಿನ ಮಾತು ಯಾರು ಎತ್ತುತ್ತಾರೆ?

ನಂತರ ಒಂದು ದವಾಖಾನೆಯಲ್ಲಿ ಎಕ್ಸ್-ರೇ ತೆಗೆಸಿದೆವು. "ನಾರ್ಮಲ್ ಐತಿ, ಎರಡು ವಾರ ರೆಸ್ಟ್ ಮಾಡ್ಲಿ" ಅಂದರು. ನಮಗೆ ಬೇಕಾಗಿದ್ದೂ ಆ ಒಂದು ಪದವೇ. ಹದಿನಾಲ್ಕು ದಿನ ಬಿಟ್ಟು ಹದಿನೈದನೆಯ ದಿನ ಅವನು ಪೂರ್ತಿ ರನ್-ಅಪ್‌ನಿಂದ ಬೌಲ್ ಮಾಡಿದ. ನಾಲ್ಕನೆಯ ಎಸೆತಕ್ಕೆ ಕ್ರೀಸ್ ಮೇಲೆಯೇ ಕುಳಿತುಬಿಟ್ಟ.

ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಓದುವಾಗ ಕ್ರಿಕೆಟ್ ಆಡಿದ್ದವರು. ಹುಡುಗನನ್ನು ಎಡಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿ ಹಿಂದಕ್ಕೆ ಬಾಗಲು ಹೇಳಿದರು. ಸಿದ್ದು ಹಲ್ಲು ಕಚ್ಚಿದ. ಬಲಗಾಲ ಮೇಲೆ ನಿಂತು ಬಾಗಿದಾಗ ಅಷ್ಟು ನೋವಿಲ್ಲ. "ಎಕ್ಸ್-ರೇದಾಗ ಇದು ಸುರುವಿಗೆ ಕಾಣೂದಿಲ್ಲರಿ. ಎಂಆರ್‌ಐ ಮಾಡಸ್ರಿ" ಅಂದರು. ಎಂಆರ್‌ಐ ಬಂತು. ಐದನೆಯ ಸೊಂಟದ ಮಣಿ, ಎಡಭಾಗ, ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬಿದ್ದ ಭಾರಕ್ಕೆ ಮೂಳೆ ಬಿಟ್ಟ ಬಿರುಕು. "ನಾಲ್ಕು ತಿಂಗಳು ಚೆಂಡ ಮುಟ್ಟಂಗಿಲ್ಲ. ಮುಟ್ಟಿದ್ರ ಇನ್ನೊಂದು ಕಡೆನೂ ಸೀಳತೈತಿ."

ಹುಬ್ಬಳ್ಳಿಯಲ್ಲಿ ಧಾರವಾಡ ವಲಯದ ಹದಿನಾರರೊಳಗಿನವರ ಆಯ್ಕೆಗೆ ಆಗ ಒಂಬತ್ತು ದಿನ ಬಾಕಿ ಇತ್ತು.

ಆ ಸಂಜೆ

ವಿಷಯ ಹೇಳಲು ನಾನೇ ಊರಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರು. ಅವ್ವ ಚಹಾ ತಂದಿಟ್ಟಳು. ಎಲ್ಲ ಕೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ:

"ಸರ, ಒಂದ ಇಂಜೆಕ್ಷನ್ ಹಾಕ್ಸಿ ಆ ಒಂದ ದಿನಾ ಆಡಸಾಕ ಬರಂಗಿಲ್ಲೇನ್ರಿ? ಕಪಿಲ್ ದೇವ ಹಂಗ ಆಡಿ ಗೆಲ್ಸಿದ್ನಂತಲ್ರಿ. ನೀವ ಹೇಳಿದ್ರಿ."

ಹೌದು, ನಾನೇ ಹೇಳಿದ್ದೆ. ಹುಡುಗನನ್ನು ಕಳಿಸಿಕೊಡಿ ಅಂತ ಕೇಳಲು ಬಂದಾಗ ಇದೇ ಅಂಗಳದಲ್ಲಿ ಕೂತು ಮೆಲ್ಬೋರ್ನ್ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದ್ದೆ. ಈಗ ಅದೇ ನನ್ನ ಮುಂದೆ ಬಂದು ಕೂತಿತ್ತು. ಕಪಿಲ್‌ಗೆ ಆಗ 22 ವರ್ಷ, ಅವರ ನೋವು ತೊಡೆಯ ಸ್ನಾಯುವಿನದು, ನಮ್ಮ ಹುಡುಗನಿಗೆ 15, ಬಿರುಕು ಬಿಟ್ಟದ್ದು ಮೂಳೆ. ಇದನ್ನೆಲ್ಲ ಹೇಳಿದೆ. ಆದರೆ ಕಥೆಯ ಎದುರು ವಿವರಣೆ ಸೋಲುತ್ತದೆ. ಅಪ್ಪನ ಮುಖ ಬದಲಾಗಲಿಲ್ಲ.

ಹಾಗಾಗಿ ಇನ್ನೊಂದು ಕಥೆ ಹೇಳಿದೆ. ಪೋಸ್ಟರ್‌ನಲ್ಲಿ ಇಲ್ಲದ ಲಿಲ್ಲಿಯ ಕಥೆ.

ಲಿಲ್ಲಿ ಮೊದಲ ಟೆಸ್ಟ್ ಆಡಿದ್ದು 1971ರ ಜನವರಿಯಲ್ಲಿ, ಅಡಿಲೇಡ್‌ನಲ್ಲಿ ಇಂಗ್ಲೆಂಡ್ ಎದುರು. ಮೊದಲ ಇನ್ನಿಂಗ್ಸ್‌ನಲ್ಲೇ 84ಕ್ಕೆ 5. ಮರುವರ್ಷ ಇಂಗ್ಲೆಂಡ್‌ಗೆ ಹೋಗಿ ಐದು ಟೆಸ್ಟ್‌ಗಳಲ್ಲಿ 31 ವಿಕೆಟ್ ತೆಗೆದ. 1973ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನು ಕೈಕೊಟ್ಟಿತು. ಸಿದ್ದುವಿಗೆ ಆದದ್ದೇ, ಸ್ಟ್ರೆಸ್ ಫ್ರ್ಯಾಕ್ಚರ್. ಆರು ವಾರ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್. ಇವನ ಕಥೆ ಮುಗಿಯಿತು ಅಂತ ಆಡಿಕೊಂಡವರು ಬೇಕಾದಷ್ಟು ಜನ. ಪರ್ತ್‌ನ ಅದೇ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಪೈಕ್ ಅವನಿಗೆ ಒಂದು ವ್ಯಾಯಾಮ ಕ್ರಮ ಹಾಕಿಕೊಟ್ಟರು. ಅವನು ತಿಂಗಳಾನುಗಟ್ಟಲೆ ಅದನ್ನೇ ಮಾಡಿದ. ಕ್ಲಬ್ ಪಂದ್ಯಗಳಲ್ಲಿ ಬರೀ ಬ್ಯಾಟ್ಸ್‌ಮನ್ ಆಗಿ ಆಡಿದ. ಆಕ್ಷನ್ ತಿದ್ದಿಕೊಂಡ. ಅವನು ಮತ್ತೆ ಟೆಸ್ಟ್ ಆಡಿದ್ದು 1974ರ ನವೆಂಬರ್ ಕೊನೆಯಲ್ಲಿ, ಬ್ರಿಸ್ಬೇನ್‌ನಲ್ಲಿ. ನಡುವೆ ಹೋದದ್ದು ಸುಮಾರು ಇಪ್ಪತ್ತೊಂದು ತಿಂಗಳು. ಆ ಸರಣಿಯಲ್ಲಿ ಜೆಫ್ ಥಾಮ್ಸನ್ 33, ಲಿಲ್ಲಿ 25 ವಿಕೆಟ್ ತೆಗೆದರು. 1984ರಲ್ಲಿ ಬಿಟ್ಟಾಗ 70 ಟೆಸ್ಟ್, 355 ವಿಕೆಟ್, ಆಗಿನ ವಿಶ್ವದಾಖಲೆ. ಅದರಲ್ಲಿ ಸುಮಾರು 300 ವಿಕೆಟ್ ಬಂದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ.

ಅಪ್ಪ ಬೀಡಿ ಆರಿಸಿದ. "ಅಂದ್ರ ಕೂಳಿ ಕಬ್ಬ ಅನ್ರಿ" ಅಂದ.

ಕಬ್ಬು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ಕೂಳೆ ಅನ್ನುತ್ತಾರೆ. ಹೊಸದಾಗಿ ನಾಟಿ ಮಾಡುವುದು ಬೇಕಿಲ್ಲ, ಬೇರು ಒಳಗೇ ಇರುತ್ತದೆ. "ಹೌದ್ರಿ, ಹಂಗ" ಅಂದೆ. ಅವ್ವ ಒಳಗಿನಿಂದಲೇ, "ಹುಬ್ಬಳ್ಳಿಗೆ ಕಳ್ಸೂದು ಬ್ಯಾಡ" ಅಂದಳು. ತೀರ್ಮಾನ ಆದದ್ದು ಆ ಮಾತಿನಿಂದ, ನನ್ನ ಕಥೆಯಿಂದಲ್ಲ ಅಂತ ಈಗ ಅನಿಸುತ್ತದೆ. ಸಿದ್ದು ಮಾತ್ರ ಎದ್ದು ಕೊಟ್ಟಿಗೆ ಕಡೆ ಹೋದವನು ರಾತ್ರಿ ಊಟಕ್ಕೂ ಬರಲಿಲ್ಲ.

ಚೆಂಡಿಲ್ಲದ ತಿಂಗಳುಗಳು

ಮೊದಲ ಆರು ವಾರ ಓಟವೂ ಇಲ್ಲ. ನಡಿಗೆ, ಡಾಕ್ಟರ್ ಹೇಳಿದ ಹೊಟ್ಟೆ ಮತ್ತು ಬೆನ್ನಿನ ವ್ಯಾಯಾಮ, ಅಷ್ಟೇ. ಆಮೇಲೆ ಈಜು. ಈಜುವುದನ್ನು ಅವನು ಊರ ಬಾವಿಯಲ್ಲೇ ಕಲಿತಿದ್ದ, ಹಾಗಾಗಿ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಸಂಜೆಗಳು. ಉಳಿದವರು ನೆಟ್‌ನಲ್ಲಿದ್ದಾಗ ಅವನು ರೋಲರ್ ಮೇಲೆ ಕೂತು ಹುಲ್ಲು ಕೀಳುತ್ತಿದ್ದ. ಮೂರನೆಯ ವಾರ ಬರುವುದನ್ನೇ ಬಿಟ್ಟ. ಸೋದರಮಾವ ಫೋನ್ ಮಾಡಿ, "ಹುಡುಗ ದಿನಾ ಮೊಬೈಲ್ ಹಿಡ್ಕೊಂಡ ಮಲಗತಾನ್ರಿ" ಅಂದರು.

ಆಗ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಅವನ ಕೈಗೆ ಸ್ಕೋರ್ ಪುಸ್ತಕ ಕೊಟ್ಟದ್ದು. ಬರೀ ರನ್ ಬರೆಯಬೇಡ, ಯಾರು ದಿನಕ್ಕೆ ಎಷ್ಟು ಎಸೆತ ಹಾಕಿದರು ಅಂತ ನೆಟ್‌ನಲ್ಲೂ ಬರೆ ಅಂದೆ. ಮೊದಲು ಬೇಸರದಿಂದ ಬರೆದ. ಎರಡು ವಾರ ಕಳೆದ ಮೇಲೆ ತಾನೇ ಬಂದು, "ಸರ, ಇಂವಾ ನಿನ್ನೆ 84 ಹಾಕ್ಯಾನ್ರಿ, ಇವತ್ತ ಕೊಡಬ್ಯಾಡ್ರಿ" ಅಂದ. ತಿಂಗಳ ಮುಂಚೆ ಇಂಥ ಮಾತು ನಮ್ಮ ಕ್ಲಬ್ಬಿನಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ಒಂದು ದಿನ ಅವನ ಮಾವನ ಮಗ ತೆಗೆದಿದ್ದ ಹಳೆಯ ಮೊಬೈಲ್ ವಿಡಿಯೊ ಒಂದನ್ನು ಇಬ್ಬರೂ ನಿಧಾನಗತಿಯಲ್ಲಿ ಹಾಕಿ ನೋಡಿದೆವು. ಪಕ್ಕದಿಂದ ತೆಗೆದದ್ದು. ಹಿಂದಿನ ಪಾದ ಇಳಿದ ಕ್ಷಣದಲ್ಲಿ ನಿಲ್ಲಿಸಿದೆ. ಪಾದ ಬ್ಯಾಟ್ಸ್‌ಮನ್ ಕಡೆ, ಭುಜ ಸ್ಲಿಪ್ ಕಡೆ. ಆಗಲೇ ನನಗೆ ಗೊತ್ತಾದದ್ದು. ಸಿದ್ದು ನೋಡಿ, "ಸರ, ಇದ ನೀವ ಹೇಳಿಕೊಟ್ಟಿದ್ದಲ್ರಿ" ಅಂದ. ಆರೋಪ ಮಾಡುವ ದನಿಯಲ್ಲಲ್ಲ. ಸುಮ್ನೆ ಅಂದ. ಅದು ಇನ್ನೂ ಜಾಸ್ತಿ ಚುಚ್ಚಿತು. "ಹೌದಪಾ, ನಂದ ತಪ್ಪು" ಅಂದೆ.

ನಾಲ್ಕೂವರೆ ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿದಾಗ ಬಿರುಕು ಕೂಡಿತ್ತು. ಮೊದಲು ನಿಂತಲ್ಲಿಂದ, ಆಮೇಲೆ ಮೂರು ಹೆಜ್ಜೆಯಿಂದ, ದಿನ ಬಿಟ್ಟು ದಿನ 12 ಎಸೆತ. ವಾರ ವಾರ ಸ್ವಲ್ಪ ಏರಿಸಿದೆವು. ಆಕ್ಷನ್ ವಿಷಯಕ್ಕೆ ನಾನು ಮಾಡಿದ್ದು ಒಂದೇ, ನಾನು ಕಲಿಸಿದ್ದನ್ನು ಮರೆಸಿದ್ದು. ಪಾದ ಎತ್ತ ನೋಡುತ್ತದೋ ಭುಜವೂ ಅತ್ತ. ಏಳನೆಯ ತಿಂಗಳು ಪಂದ್ಯ ಆಡಿದ. ನಾಲ್ಕು ಓವರ್, 26 ರನ್, ವಿಕೆಟ್ ಇಲ್ಲ.

ಕೊನೆಗೆ ಏನಾಯಿತು

ಇದನ್ನು ಗೆದ್ದ ಕಥೆ ಅಂತ ಹೇಳುವ ಆಸೆ ನನಗೂ ಇದೆ. ಆದರೆ ಹಾಗಿಲ್ಲ. ಸಿದ್ದು ಎರಡು ವರ್ಷದ ಆಯ್ಕೆಗಳನ್ನು ಕಳೆದುಕೊಂಡ. ಮೂರನೆಯ ವರ್ಷ ವಲಯ ತಂಡದ ಸಂಭವನೀಯರ ಪಟ್ಟಿಯವರೆಗೆ ಹೋಗಿ ಅಲ್ಲಿಂದ ಹೊರಬಿದ್ದ. ವೇಗ ಸ್ವಲ್ಪ ಇಳಿದಿದೆ. ನಮ್ಮಲ್ಲಿ ಅಳೆಯುವ ಯಂತ್ರ ಇಲ್ಲ, ಕೀಪರ್ ಎರಡು ಹೆಜ್ಜೆ ಮುಂದೆ ನಿಲ್ಲುತ್ತಾನೆ, ಅದೇ ಅಳತೆ. ಬದಲಿಗೆ ಚೆಂಡು ಒಳಗೆ ತರುವುದನ್ನು ಕಲಿತಿದ್ದಾನೆ. ಈಗ ಹತ್ತೊಂಬತ್ತು ವರ್ಷ, ಡಿಪ್ಲೊಮಾ ಓದುತ್ತಾನೆ, ಕ್ಲಬ್ಬಿಗೆ ಬೌಲ್ ಮಾಡುತ್ತಾನೆ. ಬೆನ್ನು ಮತ್ತೆ ನೋಯಲಿಲ್ಲ.

"ಅವತ್ತ ಇಂಜೆಕ್ಷನ್ ಹಾಕ್ಸಿ ಕಳಿಸಿದ್ರ ಸೆಲೆಕ್ಟ್ ಆಗ್ತಿದ್ದ" ಅನ್ನುವವರು ನಮ್ಮ ಕ್ಲಬ್ಬಿನಲ್ಲೇ ಇದ್ದಾರೆ. ಆಗುತ್ತಿದ್ದನೋ ಏನೋ. ಆದರೆ ಒಂಬತ್ತು ದಿನದ ಆ ತೀರ್ಮಾನದ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ. ಇರುವುದು ಅದಕ್ಕೂ ಮುಂಚಿನ ಐದು ವಾರಗಳ ಬಗ್ಗೆ. ಬಸ್ಸಿನಲ್ಲಿ ಬ್ಯಾಗು ಬಿದ್ದ ದಿನವೇ ನಿಲ್ಲಿಸಿದ್ದರೆ ಬಿರುಕು ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ.

ಬೇರೆ ಕೋಚ್‌ಗಳು ಕೇಳಿದರೆ ನಾನು ಹೇಳುವುದು ಇಷ್ಟು. ಬೆಳೆಯುವ ಬೌಲರ್‌ಗೆ ಸೊಂಟದ ಒಂದೇ ಪಕ್ಕದಲ್ಲಿ, ಹಿಂದಕ್ಕೆ ಬಾಗಿದಾಗ ನೋವು ಬಂದರೆ ಅದನ್ನು ಉಳುಕು ಅನ್ನಬೇಡಿ. ಎಕ್ಸ್-ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಚೆಂಡು ಕೊಡಬೇಡಿ. ಟೆನಿಸ್ ಬಾಲ್ ಎಸೆತಗಳನ್ನೂ ಲೆಕ್ಕಕ್ಕೆ ಹಿಡಿಯಿರಿ, ಬೆನ್ನಿಗೆ ಯಾವ ಚೆಂಡು ಅಂತ ಗೊತ್ತಾಗುವುದಿಲ್ಲ. ನೆಟ್‌ನಲ್ಲಿ ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ನಿಂತು ಪಾದ ನೋಡಿ. ಮನೆಯವರಿಗೆ ಹೇಳುವಾಗ ಅಪ್ಪನ ಜೊತೆ ಅವ್ವನೂ ಇರಲಿ.

ಇನ್ನು ಲಿಲ್ಲಿ. ಅವನ ನಿಜವಾದ ಆಸ್ತಿ ನಮ್ಮ ದೇಶಕ್ಕೇ ಬಂದಿತ್ತು. 1987ರಲ್ಲಿ ಚೆನ್ನೈಯಲ್ಲಿ ವೇಗದ ಬೌಲರ್‌ಗಳನ್ನು ತಯಾರು ಮಾಡುವ ಎಂಆರ್‌ಎಫ್ ಪೇಸ್ ಫೌಂಡೇಶನ್ ಶುರುವಾದಾಗಿನಿಂದ 2012ರವರೆಗೆ ಅವನು ಬಂದು ಹೋಗಿ ಕಲಿಸಿದ. ಬೌಲರ್ ಆಗಬೇಕೆಂದು ಅಲ್ಲಿಗೆ ಹೋದ ಹುಡುಗ ತೆಂಡೂಲ್ಕರ್‌ಗೆ ಬ್ಯಾಟಿಂಗ್ ಕಡೆ ಗಮನ ಕೊಡು ಅಂತ ಹೇಳಿ ಕಳಿಸಿದ್ದೂ ಅವನೇ. ಎದುರಿಗಿರುವ ಹುಡುಗನನ್ನು ನೋಡಿ ಹೇಳುವವನು ಅವನು. ನಾನು ಗೋಡೆಯನ್ನು ನೋಡಿ ಹೇಳುತ್ತಿದ್ದೆ. ಮೈಸೂರಿನ ಜಾವಗಲ್ ಶ್ರೀನಾಥ್ ಕೂಡ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಹೋಗಿ ತಿಂಗಳುಗಟ್ಟಲೆ ಹೊರಗಿದ್ದರು. ನಮ್ಮ ಹುಡುಗರಿಗೆ ನೆನಪಿರುವುದು 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಎದುರು ಅವರು 86ಕ್ಕೆ 8 ತೆಗೆದದ್ದು ಮಾತ್ರ. ಆ ನಡುವಿನ ತಿಂಗಳುಗಳ ಪೋಸ್ಟರ್ ಯಾರೂ ಮುದ್ರಿಸುವುದಿಲ್ಲವಲ್ಲ.

ಪೋಸ್ಟರ್ ಇನ್ನೂ ಅಲ್ಲೇ ಇದೆ, ತೆಗೆಯಲು ಮನಸ್ಸು ಬರಲಿಲ್ಲ. ಅದರ ಪಕ್ಕದ ಮೊಳೆಗೆ ಸಿದ್ದು ಒಂದು ನೋಟ್‌ಬುಕ್ ಕಟ್ಟಿ ತೂಗುಹಾಕಿದ್ದಾನೆ, ಪೆನ್ನನ್ನೂ ದಾರದಿಂದ ಕಟ್ಟಿದ್ದಾನೆ.

ಹೋದ ಭಾನುವಾರ ಹದಿನಾಲ್ಕರ ಒಬ್ಬ ಹುಡುಗ ಪಂದ್ಯದಲ್ಲಿ ಆರು ಓವರ್ ಮುಗಿಸಿ ಏಳನೆಯದಕ್ಕೆ ರನ್-ಅಪ್ ಗುರುತು ಹಾಕುತ್ತಿದ್ದ. ಮೂರು ವಿಕೆಟ್ ಸಿಕ್ಕಿತ್ತು, ಮೈ ಬಿಸಿಯಾಗಿತ್ತು. ನಾನು ಏಳುವಷ್ಟರಲ್ಲಿ ಅಂಪೈರ್ ಆಗಿ ನಿಂತಿದ್ದ ಸಿದ್ದು ಜೇಬಿನಲ್ಲಿದ್ದ ಹರಳು ಎಣಿಸಿ ನೋಡಿ, ಕೈ ಚಾಚಿದ.

"ಆತು ತಮ್ಮಾ. ಚೆಂಡ ಕೊಡ."

ಹುಡುಗ ನನ್ನ ಕಡೆ ನೋಡಿದ. ನಾನು ಚಹಾ ಕುಡಿಯುವವನ ಹಾಗೆ ಮುಖ ತಿರುಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅವನು ಫೈನ್ ಲೆಗ್‌ಗೆ ಹೋಗಿ, ಸಿಟ್ಟಿನಿಂದ ಬೂಟಿನ ತುದಿಯಲ್ಲಿ ಮಣ್ಣು ಕೆದರುತ್ತ ನಿಂತಿದ್ದ.